ಓದಿದ್ದು ಉಳಿಯುವುದು ಹೇಗೆ?

ವಿದ್ಯಾರ್ಥಿ ಜೀವನದಲ್ಲಿ ಓದಿಗೆ ಕೊರತೆಯಿಲ್ಲ. ಓದಿದ್ದು ನಿಲ್ಲುವುದಕ್ಕೆ ಕೊರತೆಯುಂಟು. ಪರೀಕ್ಷೆ ಸಮೀಪಿಸಿದಾಗ ನಮ್ಮಲ್ಲಿ ಹಲವರು ನೋಟ್ಸನ್ನು ನಾಲ್ಕಾರು ಬಾರಿ ತಿರುವಿಹಾಕುತ್ತೇವೆ, ಮುಖ್ಯವೆನಿಸಿದ ಸಾಲುಗಳ ಕೆಳಗೆ ಗೆರೆಯೆಳೆಯುತ್ತೇವೆ, ನಿದ್ದೆಗೆಟ್ಟು ಓದುತ್ತೇವೆ. ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಆ ಪುಟ ಕಣ್ಣಿಗೆ ಕಟ್ಟುತ್ತದೆಯೇ ಹೊರತು ಪುಟದಲ್ಲಿದ್ದ ವಿಷಯ ಲೇಖನಿಗೆ ಇಳಿಯುವುದಿಲ್ಲ. ಇದಕ್ಕೆ ನಾವು ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳಿಕೊಳ್ಳುತ್ತೇವೆ. ನಮಗೆ ಜ್ಞಾಪಕಶಕ್ತಿ ಸಾಲದು ಎಂಬುದೊಂದು; ಇನ್ನೂ ಹೆಚ್ಚು ಸಲ ಓದಬೇಕಾಗಿತ್ತು ಎಂಬುದು ಮತ್ತೊಂದು. ಈ ಎರಡೂ ಬಹುಮಟ್ಟಿಗೆ ಸರಿಯಲ್ಲವೆಂದೂ, ದೋಷವಿರುವುದು ಓದಿನ ಕ್ರಮದಲ್ಲಿಯೆಂದೂ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದಿರುವ ಪ್ರಯೋಗಗಳು ತೋರಿಸಿಕೊಟ್ಟಿವೆ. ಆ ಪ್ರಯೋಗಗಳ ಸಾರವನ್ನು ಸಹಪಾಠಿಗಳ ಮುಂದೆಯೂ, ವಿನಯಪೂರ್ವಕವಾಗಿ ಅಧ್ಯಾಪಕರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರು ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದು, ಸಂಜೆ ಮನೆಯ ಇಲ್ಲವೆ ಹೊಲದ ಕೆಲಸಕ್ಕೆ ಕೈಹಚ್ಚುವವರು. ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರೂ ಅವರಲ್ಲಿದ್ದಾರೆ. ಅವರಿಗೆ ಓದಲು ಸಿಗುವ ಹೊತ್ತು ಬಹಳ ಸ್ವಲ್ಪ. ಆ ಸ್ವಲ್ಪ ಹೊತ್ತೂ ಫಲ ಕೊಡದ ಕ್ರಮದಲ್ಲಿ ಕಳೆದುಹೋದರೆ ನಷ್ಟ ದೊಡ್ಡದು. ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣಳಾದ ಕಾರಣಕ್ಕೆ ಹೆಣ್ಣುಮಗಳ ಓದು ಅಲ್ಲಿಗೇ ನಿಂತುಹೋಗುವುದನ್ನು ನಾವು ಕಾಣದವರೇನೂ ಅಲ್ಲ. ಆದುದರಿಂದ ಹೇಗೆ ಓದಬೇಕು, ಹೇಗೆ ಕಲಿಸಬೇಕು ಎಂಬ ವಿಚಾರ ಇಂಥವರಿಗೆ ಎಲ್ಲರಿಗಿಂತ ಹೆಚ್ಚು ಅವಶ್ಯಕ.

ಮರೆವನ್ನು ಶಾಸ್ತ್ರೀಯವಾಗಿ ಅಳೆದವರಲ್ಲಿ ಮೊದಲಿಗ ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್. ೧೮೮೫ರಲ್ಲಿ ಆತ ಪ್ರಕಟಿಸಿದ ಗ್ರಂಥಕ್ಕೆ ಆಧಾರವಾದ ಪ್ರಯೋಗಗಳೆಲ್ಲ ಆತ ತನ್ನ ಮೇಲೆಯೇ ನಡೆಸಿಕೊಂಡವು. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ಮಾಡಿಕೊಂಡು, ತಪ್ಪಿಲ್ಲದೆ ಹೇಳಲು ಬರುವವರೆಗೆ ಕಲಿತು, ಕೆಲವು ಕಾಲ ಬಿಟ್ಟು, ಅದೇ ಪಟ್ಟಿಯನ್ನು ಪುನಃ ಕಲಿಯಲು ಎಷ್ಟು ಹೊತ್ತು ಬೇಕೆಂದು ಆತ ಲೆಕ್ಕವಿಟ್ಟನು. ಇಪ್ಪತ್ತು ನಿಮಿಷಗಳ ತರುವಾಯ ಮರುಕಲಿಕೆಯಲ್ಲಿ ಶೇಕಡ ೫೮ರಷ್ಟು ಶ್ರಮ ಉಳಿಯುತ್ತಿತ್ತು. ಒಂದು ಗಂಟೆಯ ಬಳಿಕ ೪೪. ಒಂದು ದಿನದ ಬಳಿಕ ೩೪. ಒಂದು ತಿಂಗಳ ಬಳಿಕ ೨೧. ಅಂದರೆ ಮರೆವಿನ ದೊಡ್ಡ ಭಾಗ ಕಲಿತ ಮೊದಲ ದಿನದಲ್ಲಿಯೇ ನಡೆದುಹೋಗುತ್ತದೆ. ಅನಂತರ ಅದರ ವೇಗ ಕುಗ್ಗುತ್ತದೆ. ಅರ್ಥವುಳ್ಳ ಪಾಠ ಇಷ್ಟು ಬೇಗ ಅಳಿಯುವುದಿಲ್ಲವೆಂಬುದು ನಿಜ. ಆದರೆ ಇಳಿತದ ರೀತಿ ಹೆಚ್ಚುಕಡಿಮೆ ಇದೇ. ಇದರಿಂದ ತಿಳಿಯುವುದೇನೆಂದರೆ, ಮರೆವು ಬುದ್ಧಿಯ ಮಾಂದ್ಯವಲ್ಲ. ಅದು ಮನಸ್ಸಿನ ಸಹಜ ಧರ್ಮ. ಅದನ್ನು ಬಲ್ಲವನು ಅದಕ್ಕೆ ತಕ್ಕ ಉಪಾಯವನ್ನು ಹೂಡಬೇಕು.

ಆ ಉಪಾಯ ಯಾವುದು? ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಪಾಠ ಓದಿದರೆ ಸಾಲದು, ಒಪ್ಪಿಸಬೇಕಾಗಿತ್ತು. ಒಪ್ಪಿಸುವುದೆಂದರೆ ಪುಸ್ತಕ ನೋಡದೆ ಹೇಳುವುದು. ಅರ್ಥವಿಲ್ಲದ ಉರುಹೊಡೆತವೆಂದು ನಾವು ಆ ಪದ್ಧತಿಯನ್ನು ಕೈಬಿಟ್ಟೆವು. ಅರ್ಥವಿಲ್ಲದಿದ್ದ ಕಡೆ ಬಿಟ್ಟದ್ದು ಸರಿಯೂ ಹೌದು. ಆದರೆ ಅದರೊಡನೆ ಅದರಲ್ಲಿದ್ದ ಒಂದು ಸತ್ಯವನ್ನೂ ಬಿಟ್ಟುಬಿಟ್ಟೆವು. ಅಂತರಂಗದಲ್ಲಿರುವುದನ್ನು ಹೊರಕ್ಕೆ ತರುವ ಪ್ರಯತ್ನವೇ ಅದನ್ನು ಅಂತರಂಗದಲ್ಲಿ ಸ್ಥಿರಗೊಳಿಸುತ್ತದೆ ಎಂಬುದೇ ಆ ಸತ್ಯ.

ಇದಕ್ಕೆ ಪ್ರಯೋಗದ ಆಧಾರ ವಿಪುಲವಾಗಿದೆ. ೧೯೩೯ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಹರ್ಬರ್ಟ್ ಸ್ಪಿಟ್ಜರ್ ಎಂಬಾತ ಆರನೆಯ ತರಗತಿಯ ೩,೬೦೫ ಮಕ್ಕಳಿಗೆ ನೆಲಗಡಲೆ, ಬಿದಿರು ಮುಂತಾದ ವಿಷಯಗಳ ಸಣ್ಣ ಪಾಠಗಳನ್ನು ಓದಿಸಿ, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ದಿನಗಳಲ್ಲಿ ಪರೀಕ್ಷೆಯಿಟ್ಟನು. ಓದಿದ ಕೂಡಲೆ ಒಮ್ಮೆ ಪರೀಕ್ಷೆಗೆ ಒಳಗಾದ ಮಕ್ಕಳು ವಾರಗಳು ಕಳೆದ ಮೇಲೆಯೂ ಹೆಚ್ಚು ನೆನಪಿಟ್ಟುಕೊಂಡಿದ್ದರು. ತಡವಾಗಿ ಪರೀಕ್ಷೆಗೆ ಕುಳಿತವರು ಅಷ್ಟರೊಳಗೆ ಬಹಳಷ್ಟನ್ನು ಕಳೆದುಕೊಂಡಿದ್ದರು. ಪರೀಕ್ಷೆಯು ಕಲಿತದ್ದನ್ನು ಅಳೆಯುವ ಕೋಲು ಮಾತ್ರವಲ್ಲ, ಕಲಿಸುವ ಸಾಧನವೂ ಹೌದು ಎಂಬುದು ಇದರಿಂದ ಹೊರಬಿದ್ದಿತು.

ಇದಕ್ಕಿಂತ ಸ್ಪಷ್ಟವಾದದ್ದು ೨೦೦೬ರಲ್ಲಿ ಪ್ರಕಟವಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅವರ ಪ್ರಯೋಗ. ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಒಂದು ಗದ್ಯಭಾಗವನ್ನು ಕೊಡಲಾಯಿತು. ಮೊದಲ ಗುಂಪು ನಾಲ್ಕು ಅವಧಿಗಳಲ್ಲಿಯೂ ಅದನ್ನು ಓದಿತು. ಎರಡನೆಯದು ಮೂರು ಅವಧಿ ಓದಿ, ಒಂದು ಅವಧಿಯಲ್ಲಿ ಪಾಠವನ್ನು ನೋಡದೆ ನೆನಪಿನಿಂದ ಬರೆಯಿತು. ಮೂರನೆಯದು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿಯೂ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮೊದಲ ಗುಂಪಿನವರಿಗೆ ಶೇಕಡ ೮೩, ಎರಡನೆಯವರಿಗೆ ೭೮, ಮೂರನೆಯವರಿಗೆ ೭೧ ಭಾಗ ನೆನಪಿತ್ತು. ಓದಿದವರೇ ಗೆದ್ದರು. ಆದರೆ ಒಂದು ವಾರದ ಬಳಿಕ ಪರೀಕ್ಷಿಸಿದಾಗ ಫಲಿತಾಂಶ ತಲೆಕೆಳಗಾಯಿತು. ಬರಿಯ ಓದಿದವರಿಗೆ ಶೇಕಡ ೪೦, ಒಮ್ಮೆ ಬರೆದವರಿಗೆ ೫೬, ಮೂರು ಸಲ ಬರೆದವರಿಗೆ ೬೧. ಮೊದಲನೆಯ ಗುಂಪು ಪಾಠವನ್ನು ಸರಾಸರಿ ಹದಿನಾಲ್ಕು ಸಲ ಓದಿತ್ತು. ಮೂರನೆಯದು ಮೂರು ನಾಲ್ಕು ಸಲ ಮಾತ್ರ. ಹೆಚ್ಚು ಓದಿದವರು ಹೆಚ್ಚು ಮರೆತರು.

ಈ ಪ್ರಯೋಗದಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ವಾರದ ಬಳಿಕ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಅತ್ಯಂತ ಭರವಸೆಯಿಂದಿದ್ದವರು ಆ ಮೊದಲ ಗುಂಪಿನವರೇ! ಪದೇ ಪದೇ ಓದುವಾಗ ಮಾತುಗಳು ಪರಿಚಿತವಾಗುತ್ತವೆ. ಪರಿಚಯವನ್ನೇ ನಾವು ಜ್ಞಾನವೆಂದು ಭಾವಿಸುತ್ತೇವೆ. ಬೀದಿಯಲ್ಲಿ ಎದುರಾದವರ ಮುಖ ಗುರುತು ಹತ್ತಿದ ಮಾತ್ರಕ್ಕೆ ಅವರ ಹೆಸರು ನೆನಪಿಗೆ ಬಂದೀತೆಂಬ ನಿಯಮವಿಲ್ಲವಷ್ಟೆ? ನೋಟ್ಸಿನ ಪುಟವೂ ಹಾಗೆಯೇ. ಪರೀಕ್ಷಾ ಮಂದಿರದಲ್ಲಿ ಬೇಕಾಗುವುದು ಪುಟದ ಗುರುತಲ್ಲ, ವಿಷಯದ ಸ್ಮರಣೆ. ಅದೇ ವಿಶ್ವವಿದ್ಯಾಲಯದ ೧೭೭ ವಿದ್ಯಾರ್ಥಿಗಳನ್ನು ಓದಿನ ಕ್ರಮದ ಬಗ್ಗೆ ಕೇಳಿದಾಗ ಶೇಕಡ ೮೪ ಮಂದಿ ಪುನಃ ಪುನಃ ಓದುತ್ತೇವೆಂದರು; ನೆನಪಿನಿಂದ ಹೇಳಿನೋಡುತ್ತೇವೆಂದವರು ಶೇಕಡ ೧೧ ಮಂದಿ ಮಾತ್ರ. ಈ ವಿವರ ೨೦೦೯ರಲ್ಲಿ ಪ್ರಕಟವಾಯಿತು. ಹೆಸರಾಂತ ವಿದ್ಯಾಸಂಸ್ಥೆಯ ಕಥೆಯೇ ಹೀಗಿರುವಾಗ ನಮ್ಮ ಕ್ರಮಕ್ಕಾಗಿ ನಾವು ನಾಚಬೇಕಾಗಿಲ್ಲ, ತಿದ್ದಿಕೊಂಡರೆ ಸಾಕು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಇದೂ ಒಂದು ಬಗೆಯ ಗಿಳಿಪಾಠವೇ ಅಲ್ಲವೇ? ಅಲ್ಲ. ನೆನಪಿನಿಂದ ಉತ್ತರಿಸಿ ಅಭ್ಯಾಸಮಾಡಿದವರು, ಬರಿಯ ಓದಿದವರಿಗಿಂತ, ಕಲಿತ ತತ್ತ್ವವನ್ನು ಹೊಸ ಪ್ರಶ್ನೆಗಳಿಗೆ ಅನ್ವಯಿಸುವುದರಲ್ಲಿಯೂ ಮುಂದಿದ್ದರೆಂದು ೨೦೧೦ರಲ್ಲಿ ಆಂಡ್ರ್ಯೂ ಬಟ್ಲರ್ ತೋರಿಸಿದ್ದಾನೆ. ನಮ್ಮ ಪಾಠದಿಂದಲೇ ಒಂದು ಉದಾಹರಣೆ ನೋಡೋಣ. ಮೈಸೂರು ಪ್ರಜಾಪ್ರತಿನಿಧಿ ಸಭೆಯ ಅಧ್ಯಾಯವನ್ನು ಓದಿ ಪುಸ್ತಕ ಮುಚ್ಚಿದ ಮೇಲೆ ಕಾಗದದ ಮೇಲೆ ಏನು ಬರೆಯಬೇಕು? ಸಭೆ ಸ್ಥಾಪನೆಯಾದದ್ದು ೧೮೮೧ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಎಂದಷ್ಟೇ ಬರೆದರೆ ಅದು ಬಾಯಿಪಾಠ. ಆ ವರ್ಷವೇ ಏಕೆ? ಆಡಳಿತವು ಬ್ರಿಟಿಷರಿಂದ ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಮರಳಿದ್ದು ಅದೇ ವರ್ಷವೆಂಬುದಕ್ಕೂ ಇದಕ್ಕೂ ಸಂಬಂಧವೇನು? ಈ ಸಭೆಯಿದ್ದೂ ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೊಂದು ಬೇರೆ ಏಕೆ ಬೇಕಾಯಿತು? ಇಂಥ ಪ್ರಶ್ನೆಗಳನ್ನು ತಾನೇ ಕೇಳಿಕೊಂಡು, ಪುಸ್ತಕ ನೋಡದೆ ಉತ್ತರ ಬರೆದು, ಆಮೇಲೆ ಪುಸ್ತಕ ತೆರೆದು ತಪ್ಪನ್ನು ತಿದ್ದಿಕೊಂಡರೆ ಅದು ಸ್ಮರಣೆಯೂ ಆಯಿತು, ವಿಚಾರವೂ ಆಯಿತು. ಕೊನೆಯಲ್ಲಿ ತಿದ್ದಿಕೊಳ್ಳುವುದನ್ನು ಮರೆಯಲಾಗದು. ಇಲ್ಲವಾದರೆ ತಪ್ಪೇ ಗಟ್ಟಿಯಾದೀತು. ಶ್ರವಣವಾದ ಮೇಲೆ ಮನನ ಆಗಬೇಕೆಂದು ನಮ್ಮ ಹಿರಿಯರು ಹೇಳಿದ್ದರ ತಾತ್ಪರ್ಯವೂ ಇದಕ್ಕೆ ದೂರವಲ್ಲ.

ಎರಡನೆಯ ಉಪಾಯ ಓದನ್ನು ಹಂಚಿಕೊಳ್ಳುವುದು. ಎಬಿಂಗ್‌ಹೌಸನೇ ಇದನ್ನೂ ಕಂಡುಕೊಂಡಿದ್ದನು. ಹನ್ನೆರಡು ಉಚ್ಚಾರಗಳ ಪಟ್ಟಿಯನ್ನು ಒಂದೇ ದಿನ ೬೮ ಸಲ ಹೇಳಿಕೊಂಡದ್ದರಿಂದ ಆದ ಫಲವು, ಮೂರು ದಿನಗಳಲ್ಲಿ ಹಂಚಿ ಕೇವಲ ೩೮ ಸಲ ಹೇಳಿಕೊಂಡದ್ದರಿಂದಲೇ ದೊರೆಯಿತು. ರೈತರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ರಾತ್ರಿ ಧೋ ಎಂದು ಸುರಿದ ಮಳೆಯ ನೀರು ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಹರಿದುಹೋಗುತ್ತದೆ. ಬಿಟ್ಟು ಬಿಟ್ಟು ಬಂದ ಹದಮಳೆ ನೆಲದೊಳಕ್ಕೆ ಇಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎಂಟು ಗಂಟೆ ಓದುವುದಕ್ಕಿಂತ, ಅದೇ ಎಂಟು ಗಂಟೆಗಳನ್ನು ನಾಲ್ಕು ವಾರಗಳಿಗೆ ಹಂಚುವುದು ಲಾಭಕರ. ಹಿಂದಿನ ರಾತ್ರಿಯ ಓದಿನಿಂದ ಪರೀಕ್ಷೆಯಲ್ಲಿ ಉತ್ತೀರ್ಣರಾಗುವವರಿಲ್ಲವೆ ಎಂದರೆ, ಇದ್ದಾರೆ. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರೆಂಬುದನ್ನು ಮೇಲೆ ಕಂಡೆವು. ಆದರೆ ಮೊದಲನೆಯ ವರ್ಷದಲ್ಲಿ ಹೀಗೆ ದಾಟಿಬಂದವನಿಗೆ ಎರಡನೆಯ ವರ್ಷದ ಪಾಠಕ್ಕೆ ತಳಪಾಯವೇ ಇರುವುದಿಲ್ಲ. ೨೦೧೩ರಲ್ಲಿ ಜಾನ್ ಡನ್ಲೊಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಅಭ್ಯಾಸಕ್ರಮಗಳನ್ನು ಒರೆಗೆ ಹಚ್ಚಿ, ಸ್ವಪರೀಕ್ಷೆ ಮತ್ತು ಹಂಚಿಕೊಂಡ ಓದು ಎಂಬ ಎರಡಕ್ಕೆ ಮಾತ್ರ ಉತ್ತಮಸ್ಥಾನ ಕೊಟ್ಟರು. ಗೆರೆಯೆಳೆಯುವುದಕ್ಕೂ ಬರಿಯ ಮರುಓದಿಗೂ ಅವರು ಕೊಟ್ಟದ್ದು ಕೆಳಗಿನ ಸ್ಥಾನ.

ಇನ್ನು ತರಗತಿಯ ವಿಚಾರ. ಗುರುಗಳಿಗೆ ಪಾಠ ಹೇಳುವ ಉದ್ಧಟತನ ಈ ಲೇಖನಕ್ಕಿಲ್ಲ. ಇಲ್ಲಿ ಹೇಳುವುದು ಬೋಧಕರೇ ತಮ್ಮ ತರಗತಿಗಳಲ್ಲಿ ಕಂಡುಕೊಂಡ ಸಂಗತಿಗಳು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬವರು ಭೌತಶಾಸ್ತ್ರ ಬೋಧಿಸುತ್ತಿದ್ದರು. ಅವರ ಉಪನ್ಯಾಸಗಳನ್ನು ವಿದ್ಯಾರ್ಥಿಗಳು ಮೆಚ್ಚುತ್ತಿದ್ದರು. ಕಠಿಣವಾದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಆದರೆ ಬಲ ಮತ್ತು ಚಲನೆಯ ಮೂಲತತ್ತ್ವಗಳ ಮೇಲೆ ಸರಳವಾದ ಮಾತಿನಲ್ಲಿ ಪ್ರಶ್ನೆ ಕೇಳಿದಾಗ ಅನೇಕರು ತಡವರಿಸಿದರು. ತಾವು ಕಲಿಸಿದಂತೆ ಉತ್ತರಿಸಬೇಕೇ, ಇಲ್ಲವೆ ತನಗೆ ನಿಜವಾಗಿ ತೋರುವಂತೆ ಉತ್ತರಿಸಬೇಕೇ ಎಂದು ಒಬ್ಬ ವಿದ್ಯಾರ್ಥಿನಿ ಅವರನ್ನೇ ಕೇಳಿದಳಂತೆ. ಪಾಠವು ನೋಟ್ಸಿಗೆ ಇಳಿದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ಮಜೂರ್ ೧೯೯೧ರಿಂದ ತಮ್ಮ ಬೋಧನಕ್ರಮವನ್ನು ಬದಲಾಯಿಸಿದರು. ಸ್ವಲ್ಪ ಹೊತ್ತು ವಿವರಣೆ. ಬಳಿಕ ವಿಚಾರಕ್ಕೆ ಹಚ್ಚುವ ಒಂದು ಪ್ರಶ್ನೆ ಮತ್ತು ಮೂರು ನಾಲ್ಕು ಉತ್ತರಗಳು. ಪ್ರತಿಯೊಬ್ಬನೂ ಮೊದಲು ತಾನೇ ಯೋಚಿಸಿ ಒಂದು ಉತ್ತರವನ್ನು ಆರಿಸಬೇಕು. ಬಹುಮಂದಿ ಸರಿಯಾಗಿ ಹೇಳಿದರೆ ಪಾಠ ಮುಂದೆ ಸಾಗುತ್ತದೆ. ತೀರ ಕೆಲವರೇ ಸರಿಯಾದರೆ ಅಧ್ಯಾಪಕರು ಆ ಭಾಗವನ್ನು ಪುನಃ ವಿವರಿಸುತ್ತಾರೆ. ಸುಮಾರು ಅರ್ಧದಷ್ಟು ಮಂದಿ ಸರಿಯಾದಾಗ ಮಾತ್ರ ಅಕ್ಕಪಕ್ಕದವರು ತಮ್ಮ ತಮ್ಮಲ್ಲಿ ಚರ್ಚಿಸಿ, ಮತ್ತೊಮ್ಮೆ ಉತ್ತರ ಕೊಡುತ್ತಾರೆ. ಇದರಿಂದ ತತ್ತ್ವಗಳ ತಿಳಿವು ಬಹಳವಾಗಿ ಹೆಚ್ಚಿತು. ಬಲ್ಲವನನ್ನು ನೋಡಿ ಉಳಿದವರು ನಕಲು ಮಾಡುತ್ತಾರೆಂಬ ಶಂಕೆಗೆ ೨೦೦೯ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಿಂದ ಉತ್ತರ ಬಂದಿತು. ಗುಂಪಿನಲ್ಲಿ ಒಬ್ಬನಿಗೂ ಮೊದಲು ಸರಿಯುತ್ತರ ತಿಳಿಯದಿದ್ದಾಗಲೂ ಚರ್ಚೆಯಿಂದ ತಿಳಿವು ಹೆಚ್ಚುತ್ತದೆಂದು ಅಲ್ಲಿ ಕಂಡುಬಂದಿತು.

ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಇದನ್ನು ಹೀಗೆ ಮಾಡಬಹುದು. ಈರುಳ್ಳಿಯ ಬೆಲೆ ಏರಿತು, ಜನ ಕಡಮೆ ಕೊಂಡರು: ಇಲ್ಲಿ ಬೇಡಿಕೆಯ ರೇಖೆಯೇ ಸ್ಥಳ ಬಿಟ್ಟು ಸರಿಯಿತೋ, ಅಥವಾ ಜನ ಅದೇ ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋದರೋ? ಬೆರಳೆತ್ತಿ ಉತ್ತರ ತೋರಿಸಲು ಅರ್ಧ ನಿಮಿಷ, ಚರ್ಚೆಗೆ ಎರಡು ನಿಮಿಷ ಸಾಕು. ವಿದ್ಯಾರ್ಥಿಗಳಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ಅಧ್ಯಾಪಕರಿಗೆ ಸೆಮಿಸ್ಟರಿನ ಕೊನೆಯಲ್ಲಿ ಉತ್ತರಪತ್ರಿಕೆಗಳಿಂದ ಗೊತ್ತಾಗುವ ಬದಲು ಆ ಕ್ಷಣದಲ್ಲಿಯೇ ಗೊತ್ತಾಗುತ್ತದೆ.

ಇದಕ್ಕಿಂತಲೂ ಸುಲಭವಾದ ಎರಡು ಕ್ರಮಗಳಿವೆ. ಅಧ್ಯಾಪಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ಶಾಲಾ ತರಗತಿಗಳನ್ನು ಪರಿಶೀಲಿಸಿ ೧೯೭೪ರಲ್ಲಿ ಬರೆದಳು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ಹಿಂದಿನ ಸಾಲಿನವರೆಂದು ಭಾವಿಸಲಾಗಿದ್ದವರೂ ಬಾಯಿಬಿಟ್ಟರು, ಸುಮ್ಮನೆ ಕೂರುವುದು ಕಡಮೆಯಾಯಿತು. ಎರಡನೆಯದು, ಉಪನ್ಯಾಸದ ನಡುವೆ ಎರಡೆರಡು ನಿಮಿಷಗಳಂತೆ ಮೂರು ಬಾರಿ ನಿಲ್ಲಿಸಿ, ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಗಳನ್ನು ಪರಸ್ಪರ ಹೋಲಿಸಿ ಚರ್ಚಿಸಲು ಬಿಡುವುದು. ಈ ಆರು ನಿಮಿಷಗಳಿಂದ ನೆನಪು ಗಮನಾರ್ಹವಾಗಿ ಹೆಚ್ಚಿತೆಂದು ೧೯೮೭ರ ಒಂದು ಅಧ್ಯಯನ ತೋರಿಸಿತು.

ಇವೆಲ್ಲ ಬಿಡಿ ಬಿಡಿ ಅನುಭವಗಳಲ್ಲವೆ ಎನ್ನುವವರು ೨೦೧೪ರ ಸಮೀಕ್ಷೆಯೊಂದನ್ನು ನೋಡಬಹುದು. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ೨೨೫ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಉಪನ್ಯಾಸ ನಡೆಯುವ ತರಗತಿಗಳಲ್ಲಿ ಶೇಕಡ ೩೩.೮ ಮಂದಿ ಅನುತ್ತೀರ್ಣರಾಗುತ್ತಿದ್ದರು. ವಿದ್ಯಾರ್ಥಿಗಳು ತಾವೇ ಪ್ರಶ್ನೋತ್ತರ, ಚರ್ಚೆಗಳಲ್ಲಿ ತೊಡಗುವ ತರಗತಿಗಳಲ್ಲಿ ಶೇಕಡ ೨೧.೮ ಮಂದಿ. ೨೦೨೦ರ ಮತ್ತೊಂದು ಸಮೀಕ್ಷೆಯಲ್ಲಿ ಇಂಥ ತರಗತಿಗಳಿಂದ ಬಡಕುಟುಂಬಗಳ ಮತ್ತು ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೂ ಉಳಿದವರಿಗೂ ನಡುವಣ ಪರೀಕ್ಷಾಂಕಗಳ ಅಂತರ ಮೂರನೆಯ ಒಂದು ಭಾಗದಷ್ಟು ತಗ್ಗಿತೆಂದು ಕಂಡುಬಂದಿದೆ. ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದವನಿಗೆ ತರಗತಿಯೇ ಆ ಅವಕಾಶವನ್ನು ಕೊಟ್ಟಾಗ ಹೀಗಾಗುವುದು ಸಹಜ. ಈ ಸಮೀಕ್ಷೆಗಳು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳಿಗೆ ಸಂಬಂಧಿಸಿದವೆಂಬುದನ್ನು ಮರೆಯಬಾರದು. ಕಾವ್ಯದ ಪಾಠಕ್ಕೂ ಚರಿತ್ರೆಯ ಪಾಠಕ್ಕೂ ಇದೇ ಅಂಕಿಗಳು ಹಾಗೆಹಾಗೆಯೇ ಹೊಂದುತ್ತವೆಂದು ಹೇಳಲಾಗದು. ಕಾವ್ಯವನ್ನು ರಸವತ್ತಾಗಿ ಓದಿ ವಿವರಿಸುವ ಉಪನ್ಯಾಸಕ್ಕೆ ಅದರದೇ ಬೆಲೆಯುಂಟು. ಆದರೆ ನೆನಪಿನಿಂದ ಹೇಳಿದ್ದು ನಿಲ್ಲುತ್ತದೆಂಬ ನಿಯಮ ವಿಷಯಭೇದವನ್ನು ಅಷ್ಟಾಗಿ ನೋಡುವುದಿಲ್ಲ. ಮೇಲಿನ ಎಷ್ಟೋ ಪ್ರಯೋಗಗಳು ಸಾಮಾನ್ಯ ಗದ್ಯಪಾಠಗಳ ಮೇಲೆಯೇ ನಡೆದವು.

ಇಷ್ಟು ಲಾಭವಿದ್ದೂ ಈ ಕ್ರಮ ಎಲ್ಲೆಡೆ ಏಕೆ ಹರಡಿಲ್ಲ? ಅದಕ್ಕೆ ವಿದ್ಯಾರ್ಥಿಗಳಾದ ನಾವೂ ಒಂದು ಕಾರಣ. ೨೦೧೯ರಲ್ಲಿ ಹಾರ್ವರ್ಡಿನಲ್ಲಿಯೇ ನಡೆದ ಪ್ರಯೋಗದಲ್ಲಿ, ತಾವೇ ಸಮಸ್ಯೆಗಳನ್ನು ಬಿಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು; ಆದರೆ ತಾವು ಕಡಮೆ ಕಲಿತೆವೆಂದೇ ಅವರು ಭಾವಿಸಿದ್ದರು. ನಿರರ್ಗಳವಾದ ಉಪನ್ಯಾಸವನ್ನು ಕೇಳಿದವರು ಕಡಮೆ ಅಂಕ ಪಡೆದು, ಹೆಚ್ಚು ಕಲಿತೆವೆಂದು ಸಂತೋಷಪಟ್ಟಿದ್ದರು. ಕಲಿಯುವಾಗ ಆಗುವ ಕಷ್ಟವನ್ನು ನಾವು ಕಲಿಯದಿರುವುದರ ಚಿಹ್ನೆಯೆಂದು ತಿಳಿಯುತ್ತೇವೆ. ಈ ಲೇಖನದ ತಿರುಳೂ ಇದೇ. ಓದು ಸುಲಭವಾಗಿ ಸಾಗಿದಾಗ ಹಿಗ್ಗಬಾರದು. ನೆನಪಿಗೆ ತರಲು ತಿಣುಕಬೇಕಾದಾಗ ಕುಗ್ಗಬಾರದು. ಆ ತಿಣುಕಾಟವೇ ಕಲಿಕೆ.

ಹಾಗಾದರೆ ನಾವು ಮಾಡಬಹುದಾದದ್ದು ಇಷ್ಟು. ಮೊದಲನೆಯದಾಗಿ, ಪ್ರತಿದಿನ ಸಂಜೆ, ಬಸ್ಸಿನಲ್ಲಾದರೂ ಸರಿಯೆ, ಅಂದಿನ ಪ್ರತಿಯೊಂದು ಪಾಠದ ಮುಖ್ಯಾಂಶಗಳನ್ನು ನೋಟ್ಸು ನೋಡದೆ ನೆನಪಿಗೆ ತಂದುಕೊಳ್ಳುವುದು. ಎರಡನೆಯದಾಗಿ, ಅದನ್ನೇ ಎರಡು ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಮಾಡುವುದು. ಮೂರನೆಯದಾಗಿ, ನೋಟ್ಸಿನ ಅಂಚಿನಲ್ಲಿ ಉತ್ತರಗಳ ಬದಲು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು. ನಾಲ್ಕನೆಯದಾಗಿ, ಇಬ್ಬರು ಮೂವರು ಸ್ನೇಹಿತರು ಕುಳಿತು ಒಬ್ಬರಿಗೊಬ್ಬರು ಪಾಠ ಒಪ್ಪಿಸುವುದು. ಅಧ್ಯಾಪಕರಲ್ಲಿ ನಮ್ಮ ಬಿನ್ನಹ ಒಂದೇ: ತರಗತಿಯ ಮೊದಲ ಐದು ನಿಮಿಷ, ಹಿಂದಿನ ಪಾಠದ ಮೇಲೆ ಎರಡು ಮೂರು ಪ್ರಶ್ನೆಗಳಿಗೆ ನೋಟ್ಸು ಮುಚ್ಚಿ ಉತ್ತರ ಬರೆಸಬೇಕು. ಅದಕ್ಕೆ ಅಂಕ ಬೇಡ, ಭಯವೂ ಬೇಡ. ಸರಿಯುತ್ತರವನ್ನು ಆಗಲೇ ಹೇಳಿದರೆ ನಮ್ಮ ಪತ್ರಿಕೆಯನ್ನು ನಾವೇ ತಿದ್ದಿಕೊಳ್ಳುತ್ತೇವೆ.

ಇವುಗಳಲ್ಲಿ ಯಾವುದಕ್ಕೂ ಹಣ ಬೇಡ, ಯಂತ್ರ ಬೇಡ, ಹೊಸ ಕಟ್ಟಡ ಬೇಡ, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಬೇಕಾದದ್ದು ಒಂದು ಹಾಳೆ ಕಾಗದ, ಮತ್ತು ಪುಸ್ತಕವನ್ನು ಮುಚ್ಚುವ ಧೈರ್ಯ. ಸಂದೇಹವಿದ್ದವರು ಇಂದೇ ಪರೀಕ್ಷಿಸಿ ನೋಡಬಹುದು: ಈ ಸಂಚಿಕೆಯನ್ನು ಮುಚ್ಚಿಟ್ಟು, ಇಲ್ಲಿ ಓದಿದ್ದರಲ್ಲಿ ಏನೇನು ಉಳಿದಿದೆಯೆಂದು ಬರೆಯಲಿ; ವಾರದ ಬಳಿಕ ಮತ್ತೊಮ್ಮೆ ಬರೆಯಲಿ.